ಮೂರು ದಿನದ ಮೈಸೂರು: ರೂಮ್ ಬುಕ್ ಮಾಡುವ ಮುಂಚೆ

ಶುಕ್ರವಾರವೋ ಸೋಮವಾರವೋ ರಜೆ ಬಿದ್ದರೆ ಸಾಕು, ತುಮಕೂರಿನ ನಮ್ಮ ಬೀದಿಯಲ್ಲಿ ನಾಲ್ಕು ಮನೆಗಾದರೂ ಬೀಗ ಬೀಳುತ್ತದೆ. ಅರ್ಧ ಜನ ಹೊರಡುವುದು ಮೈಸೂರಿಗೆ. ವಾಪಸ್ ಬಂದಮೇಲೆ ಮಾತಾಡಿಸಿದರೆ ಅರಮನೆಯ ಸುದ್ದಿಗಿಂತ ರೂಮಿನ ಗೋಳೇ ಜಾಸ್ತಿ. ಬಿಸಿನೀರು ಬರಲಿಲ್ಲ, ಆಟೊಗೇ ದುಡ್ಡೆಲ್ಲ ಹೋಯಿತು, ಅಜ್ಜಿಗೆ ಮೆಟ್ಟಿಲು ಹತ್ತಲು ಆಗಲಿಲ್ಲ. ಹೆಚ್ಚಿನವರು ಮೊದಲು ರೂಮ್ ಬುಕ್ ಮಾಡುತ್ತಾರೆ, ಏನು ನೋಡಬೇಕು ಅಂತ ಆಮೇಲೆ ಯೋಚಿಸುತ್ತಾರೆ. ಅದನ್ನು ತಿರುಗಿಸಿ ಮಾಡಿ.

1. ಸಂಜೆಗಳನ್ನು ಮೊದಲು ಗೊತ್ತು ಮಾಡಿಕೊಳ್ಳಿ

ಮೂರು ದಿನ ಅಂದರೂ ನಿಮಗೆ ಸಿಗುವುದು ಎರಡೇ ಸಂಜೆ. ಅದರಲ್ಲಿ ಒಂದನ್ನು ಅರಮನೆಯ ದೀಪಕ್ಕೆ ಎತ್ತಿಡಿ. ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಸಂಜೆ 7ರ ಹೊತ್ತಿಗೆ ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಕತ್ತಲಲ್ಲಿ ನಿಂತ ಜನರ ಬಾಯಿಂದ ‘ಹೋ’ ಅಂತ ಒಂದೇ ಸಲ ಹೊರಡುವ ಸದ್ದು ಕೇಳಲಿಕ್ಕಾದರೂ ಹೋಗಬೇಕು. ಸೋಮವಾರ ರಜೆ ಇದ್ದರೆ ಭಾನುವಾರ ದೀಪ ನೋಡಿ. ಶುಕ್ರವಾರವೇ ಸರ್ಕಾರಿ ರಜೆಯಾದರೆ ಬೆಳಿಗ್ಗೆ ಬೇಗ ಹೊರಟು ಅವತ್ತೇ ನೋಡಿಬಿಡಿ. ಭಾನುವಾರದ ದೀಪಕ್ಕೆ ಕಾದು ಕೂತರೆ ಊರು ಸೇರುವಾಗ ನಡುರಾತ್ರಿ.

ಇನ್ನೊಂದು ಸಂಜೆ ಬೃಂದಾವನಕ್ಕೆ ಹೋಗೋಣ ಅನ್ನುವವರೇ ಎಲ್ಲ. ಚಿಕ್ಕ ಮಕ್ಕಳು, ವಯಸ್ಸಾದವರು ಇದ್ದರೆ ಉದ್ದ ರಜೆಯಲ್ಲಿ ಖಂಡಿತ ಬೇಡ. ಕಾರಂಜಿ ನೋಡುವುದು ಸ್ವಲ್ಪ ಹೊತ್ತು, ಪಾರ್ಕಿಂಗಿನಿಂದ ಗಾಡಿ ಹೊರಗೆ ತೆಗೆಯುವುದು ಅದಕ್ಕಿಂತ ಜಾಸ್ತಿ ಹೊತ್ತು. ಅದರ ಬದಲು ದೇವರಾಜ ಮಾರುಕಟ್ಟೆಯಲ್ಲಿ ಸುಮ್ನೆ ಸುತ್ತಾಡಿ.

2. ರೂಮ್ ಹುಡುಕುವುದು

ಇಲ್ಲಿ ಅವಸರ ಮಾಡಬೇಡಿ, ಒಂದು ಇಡೀ ಸಂಜೆ ಕೊಡಿ. ಎರಡೂ ಸಂಜೆ ಅರಮನೆಯ ಸುತ್ತಮುತ್ತ ಕಳೆಯುವುದಾದರೆ ರೂಮ್ ಅಲ್ಲಿಗೆ ನಡೆದು ಹೋಗುವಷ್ಟು ಹತ್ತಿರ ಇರಬೇಕು. ‘ಅರಮನೆಗೆ ಹತ್ತಿರ’ ಎಂಬ ಮಾತನ್ನು ನಂಬಬೇಡಿ. ರಿಂಗ್ ರೋಡಿನಲ್ಲಿರುವ ಹೋಟೆಲ್‌ನವರೂ ಅದನ್ನೇ ಬರೆದಿರುತ್ತಾರೆ. ನಮ್ಮ ತುಮಕೂರಿನ ಟೌನ್‌ಹಾಲ್ ಹತ್ತಿರ ಅಂತ ಹೇಳಿ ಊರಾಚೆಯ ಕ್ಯಾತ್ಸಂದ್ರದಲ್ಲಿ ರೂಮ್ ಕೊಟ್ಟ ಹಾಗೆ ಅದು. ಮ್ಯಾಪ್‌ನಲ್ಲಿ ಹೋಟೆಲಿನಿಂದ ಅರಮನೆ ಹತ್ತಿರದ ದೊಡ್ಡ ಗಡಿಯಾರಕ್ಕೆ ದಾರಿ ಹಾಕಿ, ನಡಿಗೆಯ ಗುರುತು ಒತ್ತಿ. ಹದಿನೈದು ನಿಮಿಷದೊಳಗೆ ಬಂದರೆ ಮಾತ್ರ ಮುಂದಿನ ಮಾತು. ಸಬರ್ಬನ್ ಬಸ್ ನಿಲ್ದಾಣ, ರೈಲ್ವೆ ನಿಲ್ದಾಣ, ಮಾರುಕಟ್ಟೆ ಈ ಮೂರರ ನಡುವೆ ಬೇಕಾದಷ್ಟು ಹೋಟೆಲುಗಳಿವೆ. ಯಾದವಗಿರಿ, ಗೋಕುಲಂ ಕಡೆ ಶಾಂತವಾಗಿದೆ ನಿಜ, ಆದರೆ ಸ್ವಂತ ಗಾಡಿ ಇದ್ದವರಿಗೆ ಮಾತ್ರ.

ಫೋಟೊ ನೋಡುವಾಗ ಹೋಟೆಲ್‌ನವರು ಹಾಕಿದ್ದನ್ನು ಬಿಡಿ, ಉಳಿದುಕೊಂಡವರು ತೆಗೆದ ಬಚ್ಚಲುಮನೆಯ ಫೋಟೊ ಹುಡುಕಿ. ಅಭಿಪ್ರಾಯಗಳಲ್ಲಿ ಹೊಸದನ್ನು ಮೊದಲು ಓದಿ. ಐದು ಸ್ಟಾರ್ ಕೊಟ್ಟವರೂ ಒಂದು ಸ್ಟಾರ್ ಕೊಟ್ಟವರೂ ಹೇಳದ್ದನ್ನು ಮೂರು ಸ್ಟಾರ್ ಕೊಟ್ಟವರು ಹೇಳುತ್ತಾರೆ. ಮುಗ್ಗಲು ವಾಸನೆ ಅಂತ ಇಬ್ಬರು ಬರೆದಿದ್ದರೆ ಆ ಹೋಟೆಲ್ ಬೇಡ.

ಎರಡು ಮೂರು ಹೆಸರು ಉಳಿದ ಮೇಲೆ ಫೋನ್ ಮಾಡಿ. ಆ್ಯಪ್‌ನಲ್ಲೇ ಬುಕ್ ಮಾಡುವವರೂ ಫೋನ್ ಮಾಡಲೇಬೇಕು. ಕೇಳಬೇಕಾದ್ದು ಇಷ್ಟು.

ಚೆಕ್-ಔಟ್ ಮಧ್ಯಾಹ್ನ 12ಕ್ಕೋ, 24 ಗಂಟೆಯ ಲೆಕ್ಕವೋ? 12ರ ಲೆಕ್ಕದ ಕಡೆ ಬೆಳಿಗ್ಗೆ 7ಕ್ಕೆ ಹೋಗಿ ನಿಂತರೆ ಇನ್ನೊಂದು ದಿನದ ಬಾಡಿಗೆ ಕೇಳಬಹುದು.

ಬಿಸಿನೀರು ದಿನವಿಡೀ ಬರುತ್ತದೋ, ಬೆಳಿಗ್ಗೆ ಮಾತ್ರವೋ?

ಹೋಟೆಲಿನಲ್ಲಿ ಪಾರ್ಟಿ ಹಾಲ್ ಇದೆಯಾ, ಆ ದಿನ ಮದುವೆಯೋ ರಿಸೆಪ್ಷನ್ನೋ ಇದೆಯಾ? ಇದನ್ನು ಯಾರೂ ಕೇಳುವುದಿಲ್ಲ. ರಾತ್ರಿ ಹನ್ನೊಂದರವರೆಗೆ ಆರ್ಕೆಸ್ಟ್ರಾ ಕೇಳಿಸಿಕೊಂಡವರು ಮುಂದಿನ ಸಲ ಕೇಳುತ್ತಾರೆ.

ರಸ್ತೆ ಕಡೆಯ ರೂಮೋ, ಹಿಂದಿನದೋ? ಬಸ್ ನಿಲ್ದಾಣದ ಹತ್ತಿರವಾದರೆ ಹಿಂದಿನದನ್ನೇ ಕೇಳಿ ಪಡೆಯಿರಿ. ನಸುಕಿನಲ್ಲೇ ಬಸ್ಸುಗಳ ಹಾರ್ನ್ ಶುರುವಾಗುತ್ತದೆ.

ಲಿಫ್ಟ್ ವಿಷಯ ಬಿಡಿಸಿ ಕೇಳಿ. ಒಮ್ಮೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ, ಮಂಡಿನೋವು ಅವರಿಗೆ. ‘ಲಿಫ್ಟ್ ಇದೆ ಸಾರ್’ ಅಂದಿದ್ದರು. ಇತ್ತು, ಆದರೆ ಮೊದಲ ಮಹಡಿಯಿಂದ. ಕೆಳಗೆ ಸಾಲು ಅಂಗಡಿ, ಅವುಗಳ ನಡುವೆ ಕಿರಿದಾದ ಮೆಟ್ಟಿಲು, ಒಟ್ಟು ಹದಿನೆಂಟು. ಅಮ್ಮ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ನನ್ನ ಭುಜ ಹಿಡಿದು ಪ್ರತಿ ಮೆಟ್ಟಿಲಿಗೂ ಎರಡೂ ಪಾದ ಊರಿ ಹತ್ತಿದರು. ಮೂರು ದಿನವೂ ಹಾಗೇ. ‘ಬೀದಿಯಿಂದಲೇ ಲಿಫ್ಟ್ ಶುರುವಾಗುತ್ತಾ?’ ಅಂತಲೇ ಕೇಳಬೇಕು.

ದುಡ್ಡಿನ ಮಾತಿಗೆ ಬರೋಣ. ಆ್ಯಪ್‌ನಲ್ಲಿ ಮೊದಲು ಕಾಣುವ ದರಕ್ಕೆ ಸಾಮಾನ್ಯವಾಗಿ ತೆರಿಗೆ ಸೇರಿರುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 5, ಅದನ್ನು ಮೀರಿದರೆ ಶೇ 18. ಹಳೆಯ ಶೇ 12ರ ಲೆಕ್ಕ ಹೇಳಿದರೆ ಬಿಲ್ ತೋರಿಸಿ ಅನ್ನಿ. ನಾಲ್ಕು ಜನರಿಗೆ ‘ಫ್ಯಾಮಿಲಿ ರೂಮ್’ ಅಂದರೆ ಎಷ್ಟೋ ಕಡೆ ಒಂದು ಮಂಚ, ನೆಲದ ಮೇಲೆ ಒಂದು ಹಾಸಿಗೆ. ಸ್ವಲ್ಪ ಜಾಸ್ತಿಯಾದರೂ ಎರಡು ಸಣ್ಣ ರೂಮು ತೆಗೆದುಕೊಳ್ಳಿ. ಬೆಳಿಗ್ಗೆ ಎರಡು ಬಚ್ಚಲುಮನೆ ಸಿಗುವುದೇ ದೊಡ್ಡ ಸುಖ, ಅಲ್ವಾ?

ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಬರದ ಅಗ್ಗದ ದರಕ್ಕೆ ಮರುಳಾಗಬೇಡಿ. ಮನೆಯಲ್ಲಿ ಮಕ್ಕಳಿಗೆ ಜ್ವರ ಬರಲು ಎಷ್ಟು ಹೊತ್ತು? ಆ್ಯಪ್‌ನಲ್ಲಿ ಬುಕ್ ಆದ ಮೇಲೆ ಹೋಟೆಲಿಗೇ ಫೋನ್ ಮಾಡಿ, ನಿಮ್ಮ ಹೆಸರು ಅವರ ಪುಸ್ತಕದಲ್ಲಿ ಬಂದಿದೆಯಾ ಅಂತ ಕೇಳಿ. ಪಕ್ಕದ ಮನೆಯವರು ರಾತ್ರಿ ಹತ್ತಕ್ಕೆ ಲಗೇಜ್ ಇಳಿಸಿದಾಗ ‘ಬುಕಿಂಗೇ ಬಂದಿಲ್ಲ’ ಅನ್ನಿಸಿಕೊಂಡರು. ಹೊರಡುವ ಹಿಂದಿನ ದಿನ ಇನ್ನೊಂದು ಸಲ ಕೇಳಿ.

3. ನೋಡುವ ಜಾಗಗಳು

ದಿನಕ್ಕೆ ದೊಡ್ಡದು ಎರಡೇ. ಮೃಗಾಲಯಕ್ಕೆ ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಹೋಗಿ. ಒಳಗೆ ನಡೆಯುವುದು ಬಹಳ, ಪ್ರಾಣಿಗಳೂ ಬಿಸಿಲೇರಿದ ಮೇಲೆ ಮಲಗಿಬಿಡುತ್ತವೆ. ಮಂಗಳವಾರ ಅದಕ್ಕೆ ವಾರದ ರಜೆ. ಅರಮನೆಯ ಒಳಭಾಗಕ್ಕೂ ಬೆಳಿಗ್ಗೆ 10ಕ್ಕೇ ನಿಲ್ಲಿ. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ ಕಟ್ಟಿಸಿ 1912ರಲ್ಲಿ ಮುಗಿಸಿದ್ದು ಇದು. ಕಲ್ಯಾಣ ಮಂಟಪದ ಬಣ್ಣದ ಗಾಜಿನ ಚಾವಣಿಯನ್ನು ಕತ್ತೆತ್ತಿ ನೋಡಲು ಜಾಗ ಸಿಗುವುದು ಮೊದಲ ಅರ್ಧ ಗಂಟೆಯಲ್ಲಿ ಮಾತ್ರ.

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಲಾಗದವರು ಬೇಸರ ಮಾಡಿಕೊಳ್ಳಬೇಕಿಲ್ಲ. ಗಾಡಿಯಲ್ಲಿ ಮೇಲೆ ಹೋಗಿ ದರ್ಶನ ಮುಗಿಸಿ, ಸುಮಾರು ಮುನ್ನೂರು ಮೆಟ್ಟಿಲು ಇಳಿದರೆ ದೊಡ್ಡ ನಂದಿ. ಗಾಡಿಯನ್ನು ಅಲ್ಲಿಗೇ ತರಲು ಹೇಳಿ. ಆಷಾಢ ಶುಕ್ರವಾರವಾದರೆ ಬೆಟ್ಟದ ಯೋಚನೆಯನ್ನೇ ಬಿಡಿ.

ಒಂದು ಮಧ್ಯಾಹ್ನ ಉಳಿದರೆ ಸೋಮನಾಥಪುರಕ್ಕೆ ಹೋಗಿ. ನಮ್ಮ ಕೈದಾಳದ ಚೆನ್ನಕೇಶವನನ್ನು ನೋಡಿ, ಜಕಣಾಚಾರಿಯ ಕಥೆ ಕೇಳಿ ಬೆಳೆದವರು ನಾವು. ಹದಿಮೂರನೇ ಶತಮಾನದ ಈ ಕೇಶವ ದೇವಾಲಯದ ಮುಂದೆ ನಿಲ್ಲದೆ ಬರುವುದು ಸರಿಯಲ್ಲ. ಗೋಡೆಯ ಕೆಳಗಿನ ಸಾಲಿನ ಆನೆಗಳನ್ನು ಮಕ್ಕಳ ಜೊತೆ ಕುಕ್ಕರಗಾಲಲ್ಲಿ ಕೂತು ನೋಡಿ. ಒಂದರಂತೆ ಇನ್ನೊಂದಿಲ್ಲ.

4. ದಾರಿ

ಹೋಗುವಾಗ ಬೆಂಗಳೂರು ಕಡೆ ತಿರುಗಬೇಡಿ, ಉದ್ದ ರಜೆಯಲ್ಲಿ ನೆಲಮಂಗಲದಲ್ಲೇ ಅರ್ಧ ಬೆಳಿಗ್ಗೆ ಹೋಗುತ್ತದೆ. ಕುಣಿಗಲ್, ಹುಲಿಯೂರುದುರ್ಗ, ಮದ್ದೂರು ದಾರಿ ಹಿಡಿಯಿರಿ. ಬರುವಾಗ ಶ್ರೀರಂಗಪಟ್ಟಣದಲ್ಲಿ ರಂಗನಾಥಸ್ವಾಮಿ ದರ್ಶನ, 1784ರ ದರಿಯಾ ದೌಲತ್ ಅರಮನೆ, ಇಷ್ಟು ಸಾಕು. ಮದ್ದೂರಿನಲ್ಲಿ ವಡೆ ತಿನ್ನಲು ನಿಲ್ಲುವುದಾದರೂ ನಾಲ್ಕೂವರೆಯೊಳಗೆ ಅಲ್ಲಿಂದ ಹೊರಡಿ. ಅಲ್ಲಿಂದ ಕುಣಿಗಲ್‌ವರೆಗಿನ ರಸ್ತೆಯನ್ನು ಬೆಳಕಿರುವಾಗಲೇ ದಾಟಿಕೊಳ್ಳಿ.