ಆಹಾರದಲ್ಲಿನ ನೈಟ್ರೈಟ್ ಪತ್ತೆಗೆ ಕಡಿಮೆ ಖರ್ಚಿನ ಕಾಗದದ ಪಟ್ಟಿ: ತಯಾರಿ ಮತ್ತು ಬಳಕೆ

ಗೋವೆಗೆ ಹತ್ತಿರವಿರುವ ಬೆಳಗಾವಿಯಲ್ಲಿ ಸಾಸೇಜ್, ಹ್ಯಾಮ್‌ಗಳು ಅಪರೂಪದ ತಿನಿಸುಗಳಲ್ಲ. ಇವುಗಳ ಗುಲಾಬಿ ಬಣ್ಣವನ್ನು ಉಳಿಸಲು ಮತ್ತು ಬಾಟುಲಿಸಂ ಎಂಬ ಮಾರಕ ಆಹಾರ ವಿಷಬಾಧೆಯನ್ನು ತರುವ ಬ್ಯಾಕ್ಟೀರಿಯಾವನ್ನು ತಡೆಯಲು ಸೋಡಿಯಂ ನೈಟ್ರೈಟನ್ನು ಬಳಸುತ್ತಾರೆ. ಆದರೆ ಅದು ಮಿತಿ ಮೀರಿದರೆ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊರಲಾರದಂತಾಗುತ್ತದೆ. ಸಂಸ್ಕರಿತ ಮಾಂಸದಲ್ಲಿ ಉಳಿಯಬಹುದಾದ ನೈಟ್ರೈಟ್‌ಗೆ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡವು ಕಿಲೋಗೆ 80 ಮಿಲಿಗ್ರಾಂ ಮಿತಿಯನ್ನು ಇಟ್ಟಿದೆ. ಬೆಲೆಬಾಳುವ ಯಂತ್ರಗಳಿಲ್ಲದ ಪದವಿ ಕಾಲೇಜಿನ ರಸಾಯನಶಾಸ್ತ್ರ ವಿಭಾಗವೂ ಈ ಮಿತಿಯ ಆಸುಪಾಸನ್ನು ಗುರುತಿಸಬಲ್ಲದು.

ಇದಕ್ಕೆ ಬೇಕಾದ ಕಾಗದದ ಪಟ್ಟಿಯ ಹಿಂದಿರುವುದು ಇಂಗ್ಲೆಂಡಿನ ಬಿಯರ್ ಕಾರ್ಖಾನೆಯೊಂದರಲ್ಲಿ ರಸಾಯನಶಾಸ್ತ್ರಜ್ಞನಾಗಿದ್ದ ಪೀಟರ್ ಗ್ರೀಸ್ 1879ರಲ್ಲಿ ವಿವರಿಸಿದ ಕ್ರಿಯೆ. ಈಗ ಬಳಸುವ ರೂಪದಲ್ಲಿ, ಆಮ್ಲದಲ್ಲಿ ನೈಟ್ರೈಟ್ ಸಲ್ಫಾನಿಲಮೈಡ್ ಎಂಬ ರಾಸಾಯನಿಕದೊಡನೆ ಸೇರಿ ಡಯಾಜೋನಿಯಂ ಲವಣವಾಗುತ್ತದೆ; ಅದು ಎನ್ಇಡಿ ಎಂದು ಪ್ರಯೋಗಾಲಯಗಳಲ್ಲಿ ಕರೆಯುವ ನ್ಯಾಫ್ಥೈಲ್ ಎಥಿಲೀನ್‌ಡೈಅಮೀನ್ ಡೈಹೈಡ್ರೋಕ್ಲೋರೈಡ್‌ನೊಡನೆ ಕೂಡಿ ಗಾಢ ಗುಲಾಬಿ ಬಣ್ಣ ಕೊಡುತ್ತದೆ.

100 ಮಿಲಿ ಬಟ್ಟಿ ಇಳಿಸಿದ ನೀರಿನಲ್ಲಿ 6.3 ಗ್ರಾಂ ನಿರ್ಜಲ ಸಿಟ್ರಿಕ್ ಆಮ್ಲವನ್ನು ಕರಗಿಸಿ, ಉಗುರುಬೆಚ್ಚಗೆ ಮಾಡಿ, 0.86 ಗ್ರಾಂ ಸಲ್ಫಾನಿಲಮೈಡ್ ಸೇರಿಸಿರಿ. ತಣಿದ ಮೇಲೆ 0.26 ಗ್ರಾಂ ಎನ್ಇಡಿ ಹಾಕಿರಿ. ಕೊಳವೆಬಾವಿಯ ನೀರು ಇದಕ್ಕೆ ಸಲ್ಲದು, ಏಕೆಂದರೆ ಅದರಲ್ಲಿಯೇ ನೈಟ್ರೈಟ್ ಇರುವ ಸಾಧ್ಯತೆ ಇದೆ. ವಾಟ್‌ಮನ್ 1ನೇ ನಂಬರಿನ ಫಿಲ್ಟರ್ ಪೇಪರಿನ ಮೇಲೆ ಮೇಣದ ಬಳಪದಿಂದ 2 ಸೆಂ.ಮೀ. ಅಗಲದ ವೃತ್ತಗಳನ್ನು ಬರೆದು, ಮೇಣವು ಕಾಗದದ ಹಿಂಬದಿಗೂ ಇಳಿಯುವಂತೆ ಇಸ್ತ್ರಿಪೆಟ್ಟಿಗೆಯನ್ನು ಹಾಯಿಸಿರಿ. ಮೈಕ್ರೋಪಿಪೆಟ್ ಇಲ್ಲದವರಿಗಾಗಿಯೇ ಈ ಅಳತೆ: ಡ್ರಾಪರಿನ ಒಂದು ಹನಿ ಇಷ್ಟಗಲದ ವೃತ್ತವನ್ನು ಹೆಚ್ಚುಕಡಿಮೆ ತುಂಬುತ್ತದೆ. ದ್ರಾವಣದ ಒಂದು ಹನಿ ಹಾಕಿ ಕತ್ತಲಲ್ಲಿ ಒಣಗಿಸಿರಿ. ಬೆಳಕು, ಗಾಳಿ ತಾಗಿದರೆ ಎನ್ಇಡಿ ಕಂದುಗಟ್ಟುತ್ತದೆ. ವಿಜಯಪುರದ ಬೇಸಿಗೆಯಲ್ಲಿ ಪಟ್ಟಿಗಳನ್ನು ಮೇಜಿನ ಮೇಲೆ ಬಿಟ್ಟರೆ ಕೆಟ್ಟವೆಂದೇ ತಿಳಿಯಿರಿ. ಅಲ್ಯುಮಿನಿಯಂ ಹಾಳೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದೊಡನೆ ಫ್ರಿಜ್ಜಿನಲ್ಲಿಡಿ.

ಹೋಲಿಕೆಗೆ ಬಣ್ಣದ ಅಳತೆಗೋಲು ಬೇಕು. 150 ಮಿಲಿಗ್ರಾಂ ಸೋಡಿಯಂ ನೈಟ್ರೈಟನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿದರೆ ಲೀಟರಿಗೆ 100 ಮಿಲಿಗ್ರಾಂ ನೈಟ್ರೈಟ್ ಸಿಗುತ್ತದೆ. ಅದನ್ನು ತೆಳುವಾಗಿಸಿ ಲೀಟರಿಗೆ 0, 1, 2.5, 5, 10 ಮಿಲಿಗ್ರಾಂ ನೈಟ್ರೈಟ್ ಇರುವ ದ್ರಾವಣಗಳನ್ನು ಮಾಡಿಕೊಳ್ಳಿರಿ. ಸೋಡಿಯಂ ನೈಟ್ರೈಟ್ ನೋಡಲು ಅಡುಗೆ ಉಪ್ಪಿನಂತೆಯೇ ಇರುವ ವಿಷ. ಅದರ ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ ಹೆಸರು ಬರೆದು ಬೀಗದೊಳಗಿಡಬೇಕು. ಕೈಗವಸು ಹಾಕಿಯೇ ಮುಟ್ಟಬೇಕು.

ನನ್ನ ಮಟ್ಟಿಗೆ ಕಾಗದಕ್ಕಿಂತ ಮಾದರಿಯ ತಯಾರಿಯೇ ಹೆಚ್ಚು ಎಚ್ಚರ ಬೇಡುವ ಕೆಲಸ. 5 ಗ್ರಾಂ ಸಾಸೇಜನ್ನು ನುಣ್ಣಗೆ ಅರೆದು, 80 ಡಿಗ್ರಿ ಸೆಲ್ಸಿಯಸ್ ಕಾಯಿಸಿದ ಸುಮಾರು 40 ಮಿಲಿ ನೀರಿನಲ್ಲಿ ಅರ್ಧ ಗಂಟೆ ಇಟ್ಟು, ತಣಿಸಿ, ಮೇಲೆ ಗಟ್ಟಿಯಾದ ಕೊಬ್ಬನ್ನು ತೆಗೆದು ಸೋಸಿ, ಒಟ್ಟು 50 ಮಿಲಿ ಮಾಡಿರಿ. ಗೋವೆಯ ಶೈಲಿಯ ಸಾಸೇಜಿನಲ್ಲಿ ವಿನೆಗರ್ ಇರುವುದರಿಂದ, ಬಿಸಿಯಾದ ಹುಳಿಯಲ್ಲಿ ನೈಟ್ರೈಟ್ ನಾಶವಾಗದಂತೆ ಮೊದಲೇ ಚಿಟಿಕೆ ಅಡುಗೆ ಸೋಡಾ ಹಾಕಬೇಕು. ಹೆಚ್ಚಾದರೆ ಅದು ಕಾಗದದಲ್ಲಿನ ಆಮ್ಲವನ್ನೇ ಕೊಲ್ಲುತ್ತದೆ. ಮಾದರಿ ಹತ್ತು ಪಟ್ಟು ತೆಳುವಾಗಿರುವುದರಿಂದ ಓದಿದ ಸಂಖ್ಯೆಯನ್ನು 10ರಿಂದ ಗುಣಿಸಿದರೆ ಕಿಲೋಗೆ ಎಷ್ಟೆಂದು ಸಿಗುತ್ತದೆ. ಅಂದರೆ 80ರ ಮಿತಿಯು ಅಳತೆಗೋಲಿನ 8ಕ್ಕೆ ಸಮ.

ಮೆಣಸಿನಕಾಯಿಯ ಬಣ್ಣವೂ ಬೀಟ್‌ರೂಟ್ ಕೆಂಪೂ ಕಣ್ಣಿಗೆ ಮೋಸ ಮಾಡುತ್ತವೆ. ಆದ್ದರಿಂದ ಬರಿಯ ಸಿಟ್ರಿಕ್ ಆಮ್ಲ ಒಣಗಿಸಿದ ಒಂದು ವೃತ್ತದ ಮೇಲೂ ಮಾದರಿಯ ಹನಿ ಹಾಕಿ, ಎರಡರ ನಡುವಿನ ವ್ಯತ್ಯಾಸವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಿರಿ. ಅಳತೆಗೋಲಿನ ದ್ರಾವಣಗಳ ಮತ್ತು ಮಾದರಿಯ ಹನಿಗಳನ್ನು ಬೇರೆ ಬೇರೆ ವೃತ್ತಗಳ ಮೇಲೆ ಒಟ್ಟಿಗೆ ಹಾಕಿ, ಹತ್ತು ನಿಮಿಷದ ನಂತರ ಅಳತೆಗೋಲು ಮತ್ತು ಮಾದರಿಯನ್ನು ಒಂದೇ ಚಿತ್ರದಲ್ಲಿ ಮೊಬೈಲಿನಿಂದ ತೆಗೆಯಿರಿ. ಈ ಬಣ್ಣ ಹಸಿರು ಬೆಳಕನ್ನು ಹೀರುವುದರಿಂದ ಚಿತ್ರದ ಹಸಿರಿನ ಮೌಲ್ಯವನ್ನು (ಬಣ್ಣ ಅಳೆಯುವ ಆ್ಯಪ್ ತೋರಿಸುವ G ಸಂಖ್ಯೆ) ಓದುವುದು ಕಣ್ಣಂದಾಜಿಗಿಂತ ಲೇಸು. ಅಂಚಿನಲ್ಲಿ ಬಣ್ಣ ಗೆರೆಗಟ್ಟುವುದುಂಟು. ನಡುಭಾಗವನ್ನು ಮಾತ್ರ ಓದಿರಿ. ಗುಲಾಬಿಯ ಬದಲು ಹಳದಿ ಅಥವಾ ಕಂದು ಬಣ್ಣ ಬಂದರೆ ನೈಟ್ರೈಟ್ ಅತಿಯಾಗಿರಬಹುದು. ಮಾದರಿಯನ್ನು ತೆಳುವಾಗಿಸಿ ಮತ್ತೆ ನೋಡಬೇಕು.

ಬಣ್ಣ ಬಾರದಿದ್ದರೆ ನೈಟ್ರೈಟ್ ಇಲ್ಲವೆಂದು ತಕ್ಷಣ ತೀರ್ಮಾನಿಸಬಾರದು. 9.5 ಮಿಲಿ ಮಾದರಿಗೆ 100ರ ದ್ರಾವಣದ ಅರ್ಧ ಮಿಲಿ ಸೇರಿಸಿ ಪರೀಕ್ಷಿಸಿದಾಗ 5ರ ಬಣ್ಣ ಕಾಣಬೇಕು. ಕಾಣದಿದ್ದರೆ ವಿಟಮಿನ್ ಸಿಯಂಥ ಯಾವುದೋ ವಸ್ತು ನೈಟ್ರೈಟನ್ನು ನುಂಗುತ್ತಿದೆ ಎಂದರ್ಥ. ಪಾಲಕ್, ರಾಜಗಿರಿಯಂಥ ಸೊಪ್ಪುಗಳಲ್ಲಿ ಹೆಚ್ಚಾಗಿರುವುದು ನೈಟ್ರೇಟ್, ಅದನ್ನು ಈ ಕಾಗದ ತೋರಿಸದು. ಬೇಯಿಸಿದ ಪಲ್ಲೆಯನ್ನು ಹೊರಗೇ ಇಟ್ಟಾಗ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟಾಗಿ ಮಾರ್ಪಡಿಸಬಲ್ಲವು. ಮುಂಜಾನೆಯ ಮತ್ತು ಸಂಜೆಯ ಪಲ್ಲೆಯನ್ನು ಹೋಲಿಸುವುದು ವಿದ್ಯಾರ್ಥಿಗಳಿಗೆ ಒಳ್ಳೆಯ ಪ್ರಯೋಗ.

ಮಿತಿ ಮೀರಿದಂತೆ ಕಂಡರೂ ಈ ಪಟ್ಟಿ ಕಾನೂನಿನ ಸಾಕ್ಷ್ಯವಲ್ಲ, ಅಂಗಡಿಯವರ ಮೇಲೆ ದೂರು ಹೊರಿಸಲು ಅದನ್ನು ಬಳಸಬಾರದು. 2006ರ ಆಹಾರ ಸುರಕ್ಷತೆ ಕಾಯ್ದೆಯ ಪ್ರಕಾರ ಕೊಂಡವರೇ ಶುಲ್ಕ ಕಟ್ಟಿ ಮಾದರಿಯನ್ನು ಅಧಿಕೃತವಾಗಿ ಪರೀಕ್ಷಿಸಿಕೊಳ್ಳಬಹುದು. ಬೆಳಗಾವಿಯಲ್ಲಿ ವಿಭಾಗೀಯ ಆಹಾರ ಪ್ರಯೋಗಾಲಯವಿದೆ. ಒಡೆಯದ ಪೊಟ್ಟಣ, ರಸೀದಿ ಎರಡನ್ನೂ ಇಟ್ಟುಕೊಂಡು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಒಯ್ಯಿರಿ.