ಒಂದು ಮನೆಗೆ ಔಷಧಿ, ಪಕ್ಕದ ಮನೆಗೆ ಜಿರಳೆ: ಬಾಡಿಗೆ ಕಟ್ಟಡದ ಮಾಲೀಕರು ಮಾಡಬೇಕಾದ್ದೇನು?

ತುಮಕೂರಿನ ಎಸ್‌ಐಟಿ ಬಡಾವಣೆಯಿಂದ ಕ್ಯಾತ್ಸಂದ್ರದವರೆಗೆ ಯಾವ ಅಡ್ಡರಸ್ತೆಗೆ ಹೋದರೂ ಹೆಚ್ಚುಕಡಿಮೆ ಒಂದೇ ಥರದ ಕಟ್ಟಡಗಳು. ಕೆಳಗೆ ಅಂಗಡಿ ಇಲ್ಲವೇ ಪಾರ್ಕಿಂಗ್, ಮೇಲೆ ನಾಲ್ಕೋ ಆರೋ ಬಾಡಿಗೆ ಮನೆ, ತುದಿಯಲ್ಲಿ ಓನರ್ ಮನೆ ಅಥವಾ ಓದುವ ಹುಡುಗರ ರೂಮು. ಎರಡನೇ ಮಹಡಿಯವರು ಫೋನ್ ಮಾಡಿ ಜಿರಳೆ ಕಾಟ ಅಂದರೆ ಓನರ್ ಬಾಯಿಂದ ಮೊದಲು ಬರುವ ಮಾತು, “ನೀವು ಬರೋಕೆ ಮುಂಚೆ ಇರಲಿಲ್ಲವಲ್ರೀ”. ಅಲ್ಲಿಗೆ ಕೆಲಸ ಕೆಟ್ಟಿತು. ಮುಂದಿನ ಸಲ ಅವರು ಹೇಳುವುದೇ ಇಲ್ಲ. ನಿಮಗೆ ಗೊತ್ತಾಗುವ ಹೊತ್ತಿಗೆ ಇಡೀ ಕಟ್ಟಡಕ್ಕೆ ಹರಡಿರುತ್ತದೆ.

ಹಾಗಾಗಿ ಮೊದಲ ಕೆಲಸ ಔಷಧಿ ಅಲ್ಲ, ನೋಡುವುದು. ಎಲ್ಲ ಮನೆಯವರಿಗೂ ಮುಂಚೆಯೇ ಹೇಳಿ, ಒಂದೇ ದಿನ ಎಲ್ಲ ಮನೆ ನೋಡಿ. ದೂರು ಕೊಟ್ಟ ಮನೆ, ಅದರ ಎಡಬಲ, ಮೇಲೆ, ಕೆಳಗೆ, ಇವನ್ನಂತೂ ಬಿಡಲೇಬಾರದು. ಅಡುಗೆಮನೆಯಲ್ಲಿ ಸಿಂಕಿನ ಕೆಳಗೆ, ಫ್ರಿಜ್ಜಿನ ಹಿಂದೆ, ಗ್ಯಾಸ್ ಕಟ್ಟೆಯ ಸಂದಿಯಲ್ಲಿ ಅಂಟಿನ ಕಾಗದ ಇಟ್ಟು, ಅದರ ಮೇಲೆ ಮನೆ ನಂಬರ್ ಬರೆದು, ಎರಡು ಮೂರು ರಾತ್ರಿ ಬಿಡಿ. ಯಾವ ಮನೆಯಲ್ಲಿ ಜಾಸ್ತಿ ಸಿಗುತ್ತದೋ ಅಲ್ಲಿಂದ ಶುರು.

ಸಿಕ್ಕಿದ್ದು ಯಾವ ಜಿರಳೆ ಅನ್ನುವುದನ್ನೂ ನೋಡಿ. ಇದನ್ನು ಬಹಳ ಜನ ನೋಡುವುದಿಲ್ಲ. ಚಿಕ್ಕದು, ತಿಳಿ ಕಂದು, ತಲೆಯ ಹಿಂದೆ ಎರಡು ಕಪ್ಪು ಗೆರೆ ಇದ್ದರೆ ಅದು ಮನೆಯೊಳಗೇ ಸಂಸಾರ ಹೂಡುವ ಜಾತಿ. ಒಂದೊಂದು ಮೊಟ್ಟೆ ಚೀಲದಲ್ಲಿ 30ರಿಂದ 40 ಮರಿ. ದೊಡ್ಡದು, ಕೆಂಪಗೆ, ಬಚ್ಚಲಲ್ಲಿ ಕಾಣಿಸುವುದಾದರೆ ಅದು ಚೇಂಬರಿನಿಂದ, ಮೋರಿಯಿಂದ ಬರುತ್ತಿದೆ. ಅದಕ್ಕೆ ಅಡುಗೆಮನೆಗೆ ಎಷ್ಟು ಹೊಡೆದರೂ ಸುಮ್ನೆ ದುಡ್ಡು ದಂಡ. ಚೇಂಬರಿನ ಮುಚ್ಚಳ ಸರಿಮಾಡಿಸಿ, ಬಚ್ಚಲ ತೂಬಿಗೆ ಗಟ್ಟಿ ಜಾಲರಿ ಹಾಕಿಸಿ.

ಎರಡನೆಯದು ದಾರಿ ಮುಚ್ಚುವುದು. ನನ್ನ ಲೆಕ್ಕದಲ್ಲಿ ಅರ್ಧ ಕೆಲಸ ಇದೇ. ಒಂದು ಮನೆಗೆ ಹೊಡೆದ ಔಷಧಿಯ ಘಾಟಿಗೆ ಜಿರಳೆಗಳು ಪೈಪಿನ ಪಕ್ಕದ ತೂತು ಹಿಡಿದು ಡಕ್ಟಿಗೆ, ಅಂದರೆ ಎಲ್ಲ ಮನೆಯ ಪೈಪುಗಳು ಮೇಲಿಂದ ಕೆಳಗೆ ಇಳಿಯುವ ಸಂದಿಗೆ, ಡಕ್ಟಿನಿಂದ ಪಕ್ಕದವರ ಅಡುಗೆಮನೆಗೆ ಹೋಗುತ್ತವೆ. ತಿಂಗಳು ಕಳೆದರೆ ಅದೇ ದಾರಿಯಲ್ಲಿ ವಾಪಸ್ಸು. ಪ್ಲಂಬರ್ ಪೈಪಿಗೆ ಅಂತ ಒಡೆದ ತೂತನ್ನು ಪೂರ್ತಿ ಮುಚ್ಚಿರುವ ಕಟ್ಟಡ ಸಿಗುವುದೇ ಅಪರೂಪ ಬಿಡಿ. ಪ್ರತಿ ಮನೆಯ ಸಿಂಕಿನ ಕೆಳಗೆ, ಕಮೋಡಿನ ಹಿಂದೆ, ವೈರಿಂಗ್ ಪೈಪು ಗೋಡೆಗೆ ಹೋಗುವ ಕಡೆ ಕೈಯಾಡಿಸಿ ನೋಡಿ. ಸಣ್ಣ ಸಂದಿಗೆ ಸಿಲಿಕಾನ್ ಅಥವಾ ವೈಟ್ ಸಿಮೆಂಟ್ ಸಾಕು. ಇಲಿ ಇದ್ದರೆ ಮೊದಲು ಪಾತ್ರೆ ಉಜ್ಜುವ ಸ್ಟೀಲ್ ನಾರು ತುರುಕಿ, ಮೇಲೆ ಸಿಮೆಂಟ್ ಮಾಡಿಸಿ. ಸುಂಡಿಲಿಗೆ 6 ಮಿಲಿಮೀಟರ್ ಸಂದಿ ಸಿಕ್ಕರೂ ಸಾಕು, ನುಸುಳಿಬಿಡುತ್ತದೆ.

ಇಲಿಗೆ ಮನೆಯೊಳಗೆ ಪಾಷಾಣ ಬೇಡ, ಬೋನು ಇಡಿ. ಪಾಷಾಣ ತಿಂದ ಇಲಿ ಡಕ್ಟಿನಲ್ಲೋ ಅಟ್ಟದಲ್ಲೋ ಸತ್ತು ನಾರಿದರೆ ಹುಡುಕಿ ತೆಗೆಯುವವರು ಯಾರು? ಇನ್ನೊಂದು ಎಚ್ಚರಿಕೆ. ಧಾನ್ಯದ ಗೋದಾಮಿಗೆ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಯಾರಾದರೂ ತಿಗಣೆಗೋ ಇಲಿಗೋ ಅಂತ ತಂದುಕೊಟ್ಟರೆ ಮುಟ್ಟಲೇಬೇಡಿ. ತೇವ ತಾಗಿದರೆ ಅದು ಫಾಸ್ಫೀನ್ ಅನಿಲ ಬಿಡುತ್ತದೆ, ಅದಕ್ಕೆ ಪ್ರತಿವಿಷ ಇಲ್ಲ, ಅನಿಲವೂ ಜಿರಳೆಯ ಹಾಗೇ ಡಕ್ಟಿನಲ್ಲಿ ಪಕ್ಕದ ಮನೆಗೆ ಹೋಗುತ್ತದೆ, ಅಲ್ಲಿ ಮಕ್ಕಳು ಮಲಗಿರುತ್ತಾರೆ. ಜನವಸತಿಯಲ್ಲಿ ಬಳಸುವ ವಸ್ತುವೇ ಅಲ್ಲ ಅದು.

ಈಗ ಔಷಧಿ. ಕೀಟನಾಶಕ ಕಾಯ್ದೆ 1968ರ ಪ್ರಕಾರ ಇದನ್ನು ಕಸುಬಾಗಿ ಮಾಡುವವರಿಗೆ ಪರವಾನಗಿ ಬೇಕು. ನಮ್ಮಲ್ಲಿ ಅದನ್ನು ಕೊಡುವುದು ಕೃಷಿ ಇಲಾಖೆ. ಬಂದವರನ್ನು ಪರವಾನಗಿ ಕೇಳಿ, ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಬಳಸುವ ಔಷಧಿಯ ಹೆಸರನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. “ಹರ್ಬಲ್ ಸಾರ್, ಏನೂ ಆಗಲ್ಲ” ಅಂತ ಹೇಳಿ ಹೆಸರು ಬರೆಯಲು ಹಿಂಜರಿದರೆ ಬೇರೆಯವರನ್ನು ಕರೆಯಿರಿ. ಅಡುಗೆಮನೆಯ ಚಿಕ್ಕ ಜಿರಳೆಗೆ ಜೆಲ್, ಅಂದರೆ ಜಿರಳೆ ತಿಂದು ಸಾಯುವ ಅಂಟಿನಂಥ ಔಷಧಿ, ಒಳ್ಳೆಯದು. ಕಪಾಟಿನ ಕೀಲು, ಮೂಲೆ, ಫ್ರಿಜ್ಜಿನ ಹಿಂದೆ ಸಣ್ಣ ಚುಕ್ಕೆ ಇಟ್ಟರಾಯಿತು, ಪಾತ್ರೆ ಪಡಗ ಹೊರಗೆ ಹಾಕುವ ರಗಳೆ ಇಲ್ಲ. ಆದರೆ ಜೆಲ್ ಇಟ್ಟ ಮೇಲೆ ಬಾಡಿಗೆಯವರು ಅಂಗಡಿಯ ಸ್ಪ್ರೇ ಹೊಡೆದರೆ ಜಿರಳೆ ಜೆಲ್ಲಿನ ಹತ್ತಿರವೇ ಸುಳಿಯುವುದಿಲ್ಲ. ಇದನ್ನು ಪ್ರತಿ ಮನೆಗೂ ಹೇಳಿ. ತಿಂಗಳು ತಿಂಗಳು ಮೆಟ್ಟಿಲಿಗೆ, ಪಾರ್ಕಿಂಗಿಗೆ ಸ್ಪ್ರೇ ಹೊಡೆದು ಹೋಗುವ ಕಾಂಟ್ರಾಕ್ಟ್ ನೋಡಲು ಚೆನ್ನ, ಅಷ್ಟೇ.

ಸ್ಪ್ರೇ ಹೊಡೆಸುವುದೇ ಆದರೆ ಎರಡು ದಿನ ಮುಂಚೆ ವಾಟ್ಸಾಪಿನಲ್ಲಿ ತಿಳಿಸಿ. ಆಹಾರ ಮುಚ್ಚಿಡಬೇಕು, ಮೀನಿನ ತೊಟ್ಟಿ ಇದ್ದರೆ ಮುಚ್ಚಬೇಕು, ಮಕ್ಕಳು, ಬಸುರಿಯರು, ಉಬ್ಬಸ ಇರುವವರು ಹೊರಗಿರಬೇಕು. ಎಷ್ಟು ಗಂಟೆ ಅನ್ನುವುದು ಔಷಧಿಯ ಲೇಬಲ್ಲಿನಲ್ಲೇ ಇರುತ್ತದೆ. ವಾಪಸ್ಸು ಬಂದವರು ಮೊದಲು ಕಿಟಕಿ ತೆಗೆಯಲಿ.

ತಿಗಣೆ ಬೇರೆಯದೇ ಕಥೆ. ಪಿಜಿ ನಡೆಸುವವರಿಗೆ ಗೊತ್ತು. ಹಾಸಿಗೆ ಬಿಸಿಲಿಗೆ ಹಾಕಿದರೆ ಸಾಯುತ್ತದೆ ಅನ್ನುವ ನಂಬಿಕೆ ಇದೆ, ಆದರೆ ಅವು ತಣ್ಣಗಿರುವ ಬದಿಗೆ ಸರಿದು ಕೂರುತ್ತವೆ. ಬಟ್ಟೆ, ಹೊದಿಕೆಯನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆಸಿ. ಮಂಚದ ಕೀಲು ಬಿಚ್ಚಿಸಿ ಒಳಗೆಲ್ಲಾ ಹಬೆ ಹಿಡಿಸಿ ಇಲ್ಲವೇ ಔಷಧಿ ಹಾಕಿಸಿ. ಮೊಟ್ಟೆ ಒಡೆಯಲು ವಾರ ಹತ್ತು ದಿನ ಬೇಕು, ಆದ್ದರಿಂದ ಎರಡು ವಾರದ ಒಳಗೆ ಎರಡನೇ ಸಲ ಮಾಡಿಸಲೇಬೇಕು. ಒಂದೇ ಸಲಕ್ಕೆ ಗ್ಯಾರಂಟಿ ಕೊಡುವವರನ್ನು ನಂಬಬೇಡಿ. ಹಳೇ ಮಂಚ, ಸೋಫಾ ಅಗ್ಗಕ್ಕೆ ಸಿಕ್ಕಿತು ಅಂತ ತಂದು ರೂಮಿಗೆ ಹಾಕುವ ಮುಂಚೆ ಟಾರ್ಚ್ ಹಿಡಿದು ನೋಡಿ.

ಸೊಳ್ಳೆ ಮಾತ್ರ ಪೂರ್ತಿ ಓನರ್ ತಲೆಬಿಸಿ. ಹೇಮಾವತಿ ನೀರು ದಿನಾ ಬರುವುದಿಲ್ಲವಾದ್ದರಿಂದ ಸಂಪು, ಟ್ಯಾಂಕು, ಡ್ರಮ್ಮು ಎಲ್ಲ ತುಂಬಿಡುತ್ತೇವೆ. ಡೆಂಗಿ ಸೊಳ್ಳೆಗೆ ಬೇಕಾಗಿರುವುದೂ ಅದೇ ಶುದ್ಧ ನೀರು. ಮೊಟ್ಟೆ ಸೊಳ್ಳೆಯಾಗಲು ವಾರ ಹತ್ತು ದಿನ ಸಾಕು. ವಾರಕ್ಕೊಮ್ಮೆ ಡ್ರಮ್ ಖಾಲಿ ಮಾಡಿ ಉಜ್ಜಿಸಿ, ಸಂಪಿನ ಮುಚ್ಚಳ ಬಿಗಿ ಇರಲಿ, ಟ್ಯಾಂಕಿನ ಓವರ್‌ಫ್ಲೋ ಪೈಪಿನ ಬಾಯಿಗೆ ಬಲೆ ಕಟ್ಟಿಸಿ. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ನಗರದ ಮನೆಗಳಿಗೆ 400 ರೂಪಾಯಿ ದಂಡ ಗೊತ್ತುಮಾಡಿತು.

ಖರ್ಚು ಯಾರದು ಅನ್ನುವ ಜಗಳ ಬರುವ ಮೊದಲೇ ಕರಾರು ಪತ್ರದಲ್ಲಿ ಬರೆದುಬಿಡಿ. ತೂತು, ಡಕ್ಟು, ಚೇಂಬರು, ಇಡೀ ಕಟ್ಟಡದ ಔಷಧಿ ಓನರ್‌ದು. ಕಸ ಮುಚ್ಚಿಡುವುದು, ಕಾಣಿಸಿದ ತಕ್ಷಣ ಹೇಳುವುದು, ತಪಾಸಣೆಯ ದಿನ ಬಾಗಿಲು ತೆಗೆಯುವುದು ಬಾಡಿಗೆಯವರದು. ಮನೆ ಖಾಲಿಯಾದಾಗ ಪೇಂಟ್ ಹೊಡೆಸುವ ಮುಂಚೆಯೇ ಅಟ್ಟದ ಹಳೇ ಪೇಪರ್, ರಟ್ಟಿನ ಡಬ್ಬ ತೆಗೆಸಿ, ತೂತು ಮುಚ್ಚಿಸಿ, ಜೆಲ್ ಇಡಿಸಿ. ಸಾಮಾನಿಲ್ಲದ ಮನೆಯಲ್ಲಿ ಇದು ಅರ್ಧ ದಿನದ ಕೆಲಸ.