ಸ್ಟಾರ್ ಆಟಗಾರನನ್ನು ಬಿಟ್ಟುಕೊಟ್ಟಾಗ ಅದರ ಲೆಕ್ಕ ಓದುವುದು ಹೇಗೆ

2025ರ ಫೆಬ್ರವರಿ 2, ಭಾನುವಾರ. ಕಾರವಾರದ ಮೀನು ಪೇಟೆಯಿಂದ ಆಗಷ್ಟೇ ಮನೆಗೆ ಬಂದು ಚೀಲ ಇಳಿಸಿದ್ದೆ, ಶಿರಸಿಯಿಂದ ಅಕ್ಕನ ಮಗನ ಫೋನ್. "ಮಾವ, ಲೂಕಾ ಡಾನ್ಸಿಚ್‌ನ ಡಲ್ಲಾಸ್‌ನವ್ರು ಲೇಕರ್ಸ್‌ಗೆ ಕೊಟ್ಟುಬಿಟ್ರಂತೆ! ಯಾರಾದ್ರೂ ಹಂಗೆ ಕೊಡ್ತಾರಾ?" ಹುಡುಗನ ದನಿಯಲ್ಲಿ ಅಳುವೇ ಇತ್ತು. ಅವನ ತಪ್ಪೇನಿಲ್ಲ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ದೊಡ್ಡ ಸ್ಟಾರ್ ಲೂಕಾಗೆ ಆಗ ವಯಸ್ಸು 25, ಹಿಂದಿನ ಜೂನ್‌ನಲ್ಲಷ್ಟೇ ತಂಡವನ್ನು ಫೈನಲ್‌ವರೆಗೆ ಒಯ್ದಿದ್ದ. ಅವತ್ತು ಅವನಿಗೆ ಅರ್ಧಂಬರ್ಧ ಹೇಳಿದ್ದನ್ನು, ಆಮೇಲೆ ಒಂದೊಂದು ಟ್ರೇಡ್ (ತಂಡಗಳ ನಡುವೆ ಆಟಗಾರರ ಅದಲುಬದಲು) ಬಂದಾಗಲೂ ಕೂತು ಲೆಕ್ಕ ಹಾಕಿಸಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಒಂದು ನೋಟ್‌ಬುಕ್ ಮತ್ತು ಪೆನ್ ಇದ್ದರೆ ಸಾಕು, ಯಾರು ಬೇಕಾದರೂ ಮಾಡಬಹುದು.

ಮೊದಲು ಒಂದು ವಿಷಯ ತಲೆಯಲ್ಲಿ ಕೂರಿಸಿಕೊಳ್ಳಿ. ಎನ್‌ಬಿಎಯಲ್ಲಿ ಕೈ ಬದಲಾಗುವುದು ಆಟಗಾರ ಮಾತ್ರ ಅಲ್ಲ, ಅವನ ಕಾಂಟ್ರ್ಯಾಕ್ಟ್. ಆಟ ಎಷ್ಟೇ ಚೆನ್ನಾಗಿರಲಿ, ಇನ್ನು ಎಷ್ಟು ವರ್ಷ, ವರ್ಷಕ್ಕೆ ಎಷ್ಟು ಕೊಡಬೇಕು ಅನ್ನುವುದು ಅವನ ಜೊತೆಗೇ ಹೋಗುತ್ತದೆ.

ನಮ್ಮ ಕಡೆ ಊರಿನ ಕ್ರಿಕೆಟ್ ಲೀಗ್‌ಗಳಲ್ಲಿ ಪಾಯಿಂಟ್ ಕೊಟ್ಟು ಹರಾಜು ಮಾಡುತ್ತಾರಲ್ವಾ, ಅದನ್ನು ನೆನಪಿಸಿಕೊಳ್ಳಿ. ಎಲ್ಲಾ ತಂಡಕ್ಕೂ ಒಂದೇ ಮೊತ್ತ. ಅರ್ಧಕ್ಕಿಂತ ಜಾಸ್ತಿ ಒಬ್ಬ ಬ್ಯಾಟ್ಸ್‌ಮನ್ ಮೇಲೆ ಸುರಿದವನಿಗೆ ಕೊನೆಗೆ ಬೌಲಿಂಗ್ ಮಾಡಲು ಯಾರೂ ಸಿಗುವುದಿಲ್ಲ. ಐಪಿಎಲ್‌ನದ್ದೂ ಇದೇ ಕಥೆ, 2025ರ ಹರಾಜಿಗೆ ತಂಡಕ್ಕೆ 120 ಕೋಟಿ, ಅದರಲ್ಲಿ 27 ಕೋಟಿಯನ್ನು ಲಖನೌ ಒಬ್ಬ ರಿಷಭ್ ಪಂತ್‌ಗೆ ಕೊಟ್ಟಿತು. ಆದರೆ ಎನ್‌ಬಿಎ ಇಲ್ಲಿಂದ ಮುಂದೆ ಬೇರೆ ದಾರಿ ಹಿಡಿಯುತ್ತದೆ. ಐಪಿಎಲ್‌ನಲ್ಲಿ ಮಿತಿ ದಾಟುವಂತಿಲ್ಲ. ಎನ್‌ಬಿಎಯಲ್ಲಿ ದಾಟಬಹುದು, ದಾಟಿದಷ್ಟೂ ಕೈ ಕಟ್ಟಿಹೋಗುತ್ತದೆ.

ಈಗ ನೋಟ್‌ಬುಕ್ ತೆಗೆಯಿರಿ. ಒಂದು ಪುಟದಲ್ಲಿ ನಾಲ್ಕು ಅಡ್ಡ ಗೆರೆ ಎಳೆಯಿರಿ, ಕೆಳಗಿನಿಂದ ಮೇಲಕ್ಕೆ. 2025-26ರ ಸೀಸನ್‌ಗೆ ಸ್ಯಾಲರಿ ಕ್ಯಾಪ್ (ತಂಡದ ಒಟ್ಟು ಸಂಬಳದ ಮಿತಿ) 15.46 ಕೋಟಿ ಡಾಲರ್, ಲಕ್ಷುರಿ ಟ್ಯಾಕ್ಸ್ ಗೆರೆ 18.79 ಕೋಟಿ, ಮೊದಲ ಏಪ್ರನ್ 19.59 ಕೋಟಿ, ಎರಡನೇ ಏಪ್ರನ್ 20.78 ಕೋಟಿ. ಏಪ್ರನ್ ಅಂದರೆ ಟ್ಯಾಕ್ಸ್ ಗೆರೆಯ ಮೇಲೆ ಹಾಕಿರುವ ಇನ್ನೆರಡು ಮಿತಿ. (1984-85ರಲ್ಲಿ ಈ ಕ್ಯಾಪ್ ಶುರುವಾದಾಗ ಬರೀ 36 ಲಕ್ಷ ಡಾಲರ್ ಇತ್ತು!) ಅಂಕಿ ವರ್ಷವರ್ಷ ಬದಲಾಗುತ್ತದೆ, ಹಾಗಾಗಿ ಹೊಸ ಸೀಸನ್‌ಗೆ ಹೊಸ ಪುಟ.

ಕೆಳಗಿನ ಗೆರೆಯನ್ನು ಬಹುತೇಕ ಎಲ್ಲರೂ ದಾಟಿರುತ್ತಾರೆ, ಯಾಕೆಂದರೆ ಮೂರು ವರ್ಷ ತಮ್ಮಲ್ಲೇ ಆಡಿದ ಆಟಗಾರನನ್ನು ಉಳಿಸಿಕೊಳ್ಳಲು ಕ್ಯಾಪ್ ಮೀರಬಹುದು ಅಂತ ನಿಯಮವಿದೆ, ಬಾಸ್ಟನ್‌ನ ಹಳೆಯ ಸ್ಟಾರ್ ಲ್ಯಾರಿ ಬರ್ಡ್ ಹೆಸರಿನಲ್ಲೇ ಅದನ್ನು ಕರೆಯುತ್ತಾರೆ. ಎರಡನೇ ಗೆರೆ ದಾಟಿದರೆ ದಂಡ. ದೂರ ಹೋದಷ್ಟೂ ದರ ಏರುತ್ತದೆ, ಹಿಂದಿನ ನಾಲ್ಕು ವರ್ಷದಲ್ಲಿ ಮೂರು ವರ್ಷ ಕಟ್ಟಿದವರಿಗೆ ಇನ್ನೂ ಜಾಸ್ತಿ. ಶ್ರೀಮಂತ ಮಾಲೀಕ ಇದನ್ನು ಕಟ್ಟಿ ಸುಮ್ಮನಿರಬಹುದು. ದುಡ್ಡಿನಿಂದ ಬಿಡಿಸಿಕೊಳ್ಳಲಾಗದ ಕಷ್ಟ ಇರುವುದು ಮೇಲಿನ ಎರಡು ಗೆರೆಗಳಲ್ಲಿ, ಅದರಲ್ಲೂ ಲೀಗ್ ಮತ್ತು ಆಟಗಾರರ ಸಂಘದ 2023ರ ಒಪ್ಪಂದದಲ್ಲಿ ಬಂದ ಎರಡನೇ ಏಪ್ರನ್‌ನಲ್ಲಿ. ಅದರ ಮೇಲಿದ್ದರೆ ಇಬ್ಬರು ಆಟಗಾರರ ಸಂಬಳ ಕೂಡಿಸಿ ಒಬ್ಬ ದೊಡ್ಡವನನ್ನು ತರುವಂತಿಲ್ಲ. ಟ್ರೇಡ್‌ನಲ್ಲಿ ನಗದು ಕೊಡುವಂತಿಲ್ಲ. ಕೊಟ್ಟ ಸಂಬಳಕ್ಕಿಂತ ಒಂದು ಡಾಲರ್ ಜಾಸ್ತಿ ತರುವಂತಿಲ್ಲ. ಏಳು ವರ್ಷ ಆಚೆಗಿನ ಮೊದಲ ಸುತ್ತಿನ ಡ್ರಾಫ್ಟ್ ಪಿಕ್ (ಹೊಸ ಹುಡುಗರನ್ನು ಆರಿಸಿಕೊಳ್ಳುವ ಸರದಿ) ಕೂಡ ಟ್ರೇಡ್‌ಗೆ ಬಳಸುವಂತಿಲ್ಲ. ತಂಡದಲ್ಲಿ ಯಾರಿಗಾದರೂ ಗಾಯವಾದರೆ ಸರಿಪಡಿಸಲು ದಾರಿ ತುಂಬಾ ಕಡಿಮೆ. ಫ್ಲೆಕ್ಸಿಬಿಲಿಟಿ, ಫ್ಲೆಕ್ಸಿಬಿಲಿಟಿ ಅಂತ ಮ್ಯಾನೇಜರ್‌ಗಳು ಹೇಳುವುದು ಇದನ್ನೇ, ಉಳಿತಾಯಕ್ಕಿಂತ ಹೆಚ್ಚಾಗಿ ಕೈಕಾಲು ಆಡಿಸಲು ಜಾಗ.

ಮುಂದಿನ ಹೆಜ್ಜೆ, ಸ್ಟಾರ್‌ನ ಸಂಬಳ ಕ್ಯಾಪ್‌ನಲ್ಲಿ ಎಷ್ಟು ಪಾಲು ಅಂತ ನೋಡಿ. ಹೊಸ ಕಾಂಟ್ರ್ಯಾಕ್ಟ್‌ನ ಮೊದಲ ವರ್ಷ ಗರಿಷ್ಠ ಅಂದರೆ ಕ್ಯಾಪ್‌ನ ಶೇ. 25, ಏಳು ವರ್ಷ ಆಡಿದವರಿಗೆ ಶೇ. 30, ಹತ್ತು ವರ್ಷ ಆಡಿದವರಿಗೆ ಶೇ. 35. ದೊಡ್ಡ ಪ್ರಶಸ್ತಿ ಪಡೆದು ತನ್ನ ತಂಡದಲ್ಲೇ ಉಳಿದವನಿಗೆ ಆ ಶೇ. 35 ಬೇಗ ಸಿಗುತ್ತದೆ, ಅದೇ ಸೂಪರ್‌ಮ್ಯಾಕ್ಸ್. ಇಂಥವರು ಇಬ್ಬರಿದ್ದರೆ ಉಳಿದ ಹದಿಮೂರು ಜನರಿಗೆ ಏನು ಉಳಿಯಿತು ಅಂತ ನೀವೇ ಕಳೆದು ನೋಡಿ. ಯಕ್ಷಗಾನ ಮೇಳದ ಯಜಮಾನನಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ. ಮುಖ್ಯ ವೇಷಧಾರಿಗಳಿಬ್ಬರಿಗೇ ತಿರುಗಾಟದ ದುಡ್ಡೆಲ್ಲ ಕೊಟ್ಟರೆ ಒಳ್ಳೆಯ ಚೆಂಡೆಯವನನ್ನು, ಹಾಸ್ಯಗಾರನನ್ನು ಎಲ್ಲಿಂದ ತರುವುದು? ಬೆಳಗಿನವರೆಗೆ ಆಟ ಎಳೆಯುವುದು ಹೇಗೆ?

ಬಾಸ್ಟನ್ ನೋಡಿ. 2024ರಲ್ಲಿ ಚಾಂಪಿಯನ್. ಜೇಸನ್ ಟೇಟಮ್‌ಗೆ ಐದು ವರ್ಷಕ್ಕೆ 31.4 ಕೋಟಿ ಡಾಲರ್, ಜೇಲೆನ್ ಬ್ರೌನ್‌ಗೂ ಸುಮಾರು 28.5 ಕೋಟಿಯ ಕಾಂಟ್ರ್ಯಾಕ್ಟ್. 2025ರ ಮೇ ತಿಂಗಳಲ್ಲಿ ಟೇಟಮ್‌ನ ಹಿಮ್ಮಡಿಯ ಸ್ನಾಯುರಜ್ಜು (ಅಕಿಲೀಸ್) ಹರಿಯಿತು. ಅದರ ಬೆನ್ನಿಗೇ ಜೂನ್‌ನಲ್ಲಿ ಜ್ರೂ ಹಾಲಿಡೇ ಪೋರ್ಟ್‌ಲ್ಯಾಂಡ್‌ಗೆ, ಪೋರ್ಜಿಂಗಿಸ್ ಅಟ್ಲಾಂಟಾಕ್ಕೆ. ಹಾಲಿಡೇಗೆ ವಯಸ್ಸು 35, ಕಾಂಟ್ರ್ಯಾಕ್ಟ್‌ನಲ್ಲಿ ಇನ್ನೂ ಮೂರು ವರ್ಷ ಬಾಕಿ. ಬದಲಿಗೆ ಬಂದ ಆನ್ಫರ್ನೀ ಸೈಮನ್ಸ್‌ನ ಕಾಂಟ್ರ್ಯಾಕ್ಟ್ ಒಂದೇ ವರ್ಷದಲ್ಲಿ ಮುಗಿಯುವಂಥದ್ದು. ಈ ಮುಗಿಯುವ ಕಾಂಟ್ರ್ಯಾಕ್ಟ್‌ಗೇ ಬೆಲೆ. ಹಾಗಾಗಿ ಟ್ರೇಡ್ ಸುದ್ದಿ ಬಂದಾಗ ಬಂದವನ ಪಾಯಿಂಟ್ಸ್ ನೋಡುವ ಮೊದಲು ಅವನ ಕೊನೆಯ ವರ್ಷ ಯಾವುದು ಅಂತ ನೋಡಿ, ಹೋದವನ ಕೊನೆಯ ವರ್ಷದ ಪಕ್ಕದಲ್ಲೇ ಬರೆದುಕೊಳ್ಳಿ.

ನನಗೆ ಅತ್ಯಂತ ಇಷ್ಟವಾದ ಉದಾಹರಣೆ ಡೆನ್ವರ್‌ನದು. 2025ರ ಬೇಸಿಗೆಯಲ್ಲಿ, ಅಂದರೆ ಅವರ ಬೇಸಿಗೆ, ನಮಗೆ ಜೋರು ಮಳೆ, ಬೈತಖೋಲ್ ಬಂದರಿನಲ್ಲಿ ಬೋಟುಗಳೆಲ್ಲ ನಿಂತಿರುವ ಜೂನ್-ಜುಲೈ. ಮೀನುಗಾರಿಕೆ ನಿಷೇಧದ ಆ ಎರಡು ತಿಂಗಳೇ ಎನ್‌ಬಿಎಯಲ್ಲಿ ತಂಡ ಕಟ್ಟುವ ಕಾಲ, ಹೊಸ ಲೆಕ್ಕ ಶುರುವಾಗುವುದು ಜುಲೈ 1ಕ್ಕೆ. ಆಗ ಡೆನ್ವರ್, 2023ರಲ್ಲಿ ಕಪ್ ಗೆದ್ದ ತಂಡದ ಮೊದಲ ಐವರಲ್ಲಿ ಒಬ್ಬನಾದ ಮೈಕಲ್ ಪೋರ್ಟರ್ ಜೂನಿಯರ್‌ನನ್ನು ಬ್ರೂಕ್ಲಿನ್‌ಗೆ ಕೊಟ್ಟು ಕ್ಯಾಮ್ ಜಾನ್ಸನ್‌ನನ್ನು ತಂದಿತು. ಪೋರ್ಟರ್‌ಗೆ ವರ್ಷಕ್ಕೆ ಸುಮಾರು 3.8 ಕೋಟಿ ಡಾಲರ್, ಜಾನ್ಸನ್‌ಗೆ 2 ಕೋಟಿಯ ಆಸುಪಾಸು. ಇಬ್ಬರೂ ಹೊರಗಿನಿಂದ ಚೆನ್ನಾಗಿ ಶೂಟ್ ಮಾಡುವ ಎತ್ತರದ ಆಟಗಾರರು. ಬ್ರೂಕ್ಲಿನ್‌ಗೆ ಕ್ಯಾಪ್‌ನಲ್ಲಿ ಖಾಲಿ ಜಾಗವಿತ್ತು, ಆ ಜಾಗಕ್ಕೆ ಬಾಡಿಗೆಯಂತೆ ಡೆನ್ವರ್‌ನ 2032ರ ಮೊದಲ ಸುತ್ತಿನ ಪಿಕ್ ಪಡೆಯಿತು. ಉಳಿದ ಜಾಗದಲ್ಲಿ ಡೆನ್ವರ್ ವಾಲನ್‌ಚೂನಸ್‌ನನ್ನು ತಂದಿತು, ಟಿಮ್ ಹಾರ್ಡವೇ ಜೂನಿಯರ್‌ನನ್ನು ಸೇರಿಸಿಕೊಂಡಿತು, ಹಳೆಯ ಬ್ರೂಸ್ ಬ್ರೌನ್ ಕೂಡ ವಾಪಸ್ ಬಂದ. ಒಟ್ಟು ನಾಲ್ವರು ಬಂದರು. ನೀವು ಅಭ್ಯಾಸಕ್ಕೆ ಲೆಕ್ಕ ಮಾಡುವುದಾದರೆ ಇದರಿಂದಲೇ ಶುರುಮಾಡಿ, ಎಲ್ಲವೂ ಕಣ್ಣಿಗೆ ಕಾಣುತ್ತದೆ.

ಹಾಗಾದರೆ ಲೂಕಾ? ಅಳಿಯನಿಗೆ ಇದನ್ನು ವಿವರಿಸುವುದೇ ಕಷ್ಟವಾಯಿತು. ಆ ಸೀಸನ್‌ನಲ್ಲಿ ಲೂಕಾ ಮತ್ತು ಬದಲಿಗೆ ಬಂದ ಆಂಥನಿ ಡೇವಿಸ್ ಸಂಬಳ ಹೆಚ್ಚುಕಡಿಮೆ ಒಂದೇ, ಅವತ್ತಿಗೆ ಜಾಗವೇನೂ ಸಿಗಲಿಲ್ಲ. ಡಲ್ಲಾಸ್ ತಪ್ಪಿಸಿಕೊಂಡದ್ದು ಮುಂದೆ ಬರುವುದನ್ನು, ಐದು ವರ್ಷಕ್ಕೆ ಸುಮಾರು 34.5 ಕೋಟಿ ಡಾಲರ್‌ನ ಸೂಪರ್‌ಮ್ಯಾಕ್ಸ್. ಟ್ರೇಡ್ ಆದ ಕಾರಣ ಲೂಕಾ ಆ ಅರ್ಹತೆಯನ್ನೇ ಕಳೆದುಕೊಂಡ, ಲೇಕರ್ಸ್ ಜೊತೆ ಮೂರು ವರ್ಷಕ್ಕೆ 16.5 ಕೋಟಿಗೆ ಸಹಿ ಹಾಕಿದ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ, ಇದು ತಪ್ಪು ಟ್ರೇಡ್. ಶೇ. 35ಕ್ಕೆ ನಿಜಕ್ಕೂ ಬೆಲೆಬಾಳುವ ಆಟಗಾರ ಜಗತ್ತಿನಲ್ಲಿ ಐದಾರು ಜನ ಇರಬಹುದು, ಅವರಲ್ಲಿ ಒಬ್ಬನನ್ನು 31 ದಾಟಿದ, ಪದೇ ಪದೇ ಗಾಯಗೊಳ್ಳುವ ಆಟಗಾರನಿಗೆ ಮತ್ತು ಒಂದೇ ಒಂದು ಮೊದಲ ಸುತ್ತಿನ ಪಿಕ್‌ಗೆ ಬಿಟ್ಟುಕೊಡಬಾರದಿತ್ತು. ಟ್ರೇಡ್ ಮಾಡಿದ ಜನರಲ್ ಮ್ಯಾನೇಜರ್ ಅದೇ ನವೆಂಬರ್‌ನಲ್ಲಿ ಕೆಲಸ ಕಳೆದುಕೊಂಡರು.

ಆದ್ದರಿಂದ ಪುಟದ ಕೊನೆಯಲ್ಲಿ ಒಂದು ಸಾಲು ಖಾಲಿ ಬಿಡಿ, ಸಿಕ್ಕ ಜಾಗದಲ್ಲಿ ಏನು ಮಾಡಿದರು ಅಂತ ಎರಡು ವರ್ಷ ಬಿಟ್ಟು ಬರೆಯಲು. ಒಕ್ಲಹೋಮಾ 2012ರಲ್ಲಿ ಜೇಮ್ಸ್ ಹಾರ್ಡನ್‌ಗೆ ಕೇಳಿದಷ್ಟು ಕೊಡಲಾಗದೆ ಹ್ಯೂಸ್ಟನ್‌ಗೆ ಕೊಟ್ಟಿತು, ಅವನು 2018ರಲ್ಲಿ ಎಂವಿಪಿ, ಅಂದರೆ ಸೀಸನ್‌ನ ಶ್ರೇಷ್ಠ ಆಟಗಾರ ಆದ. ಅದೇ ತಂಡ 2019ರಲ್ಲಿ ಪಾಲ್ ಜಾರ್ಜ್‌ನನ್ನು ಕ್ಲಿಪ್ಪರ್ಸ್‌ಗೆ ಕೊಟ್ಟಿತು. ಅದು ಸಂಬಳದ ಕಾರಣಕ್ಕಲ್ಲ, ಅವನೇ ಕೇಳಿ ಹೋದದ್ದು, ಆದರೆ ಆಗ ಬಂದ ಶೈ ಗಿಲ್ಜಸ್-ಅಲೆಕ್ಸಾಂಡರ್ ಮತ್ತು ಜೊತೆಗೆ ಬಂದ ಪಿಕ್‌ಗಳಲ್ಲಿ ಒಂದರಿಂದ ಸಿಕ್ಕ ಜೇಲೆನ್ ವಿಲಿಯಮ್ಸ್ 2025ರಲ್ಲಿ ಕಪ್ ಗೆಲ್ಲಿಸಿದರು. ಹೊಸ ಹುಡುಗರು ಮೊದಲ ನಾಲ್ಕು ವರ್ಷ ಕಡಿಮೆ ಸಂಬಳಕ್ಕೆ ಆಡುತ್ತಾರೆ, ಪಿಕ್‌ಗಳಿಗೆ ಅಷ್ಟು ಬೆಲೆ ಬಂದಿರುವುದು ಅದಕ್ಕೇ.

ಈಗ ಅದೇ ಒಕ್ಲಹೋಮಾದ ಪುಟ ತುಂಬುತ್ತಿದೆ. ವಿಲಿಯಮ್ಸ್ ಮತ್ತು ಚೆಟ್ ಹೋಮ್‌ಗ್ರೆನ್‌ನ ದೊಡ್ಡ ಸಂಬಳ 2026-27ರಿಂದ, ಶೈನ ನಾಲ್ಕು ವರ್ಷಕ್ಕೆ ಸುಮಾರು 28.5 ಕೋಟಿ 2027-28ರಿಂದ. ಡಾರ್ಟ್ ಮತ್ತು ಹಾರ್ಟನ್‌ಸ್ಟೈನ್ ಕಾಂಟ್ರ್ಯಾಕ್ಟ್‌ಗಳಲ್ಲಿ 2026-27 ತಂಡದ ಇಚ್ಛೆಗೆ ಬಿಟ್ಟ ವರ್ಷ. ಅಳಿಯ ಆ ಎರಡು ಹೆಸರಿನ ಸುತ್ತ ಪೆನ್ಸಿಲ್‌ನಲ್ಲಿ ವೃತ್ತ ಹಾಕಿಟ್ಟಿದ್ದಾನೆ.